ಐವತ್ತಮೂರನೆಯ ಹೆಸರು

ಆಗಸ್ಟ್ ತಿಂಗಳ ಕೊನೆಯ ವಾರದ ಮಂಗಳವಾರ, ಅಮೆರಿಕದ ಪೂರ್ವ ತೀರದಲ್ಲಿ ಸಂಜೆ ನಾಲ್ಕು ಗಂಟೆ. ಆ ದೇಶದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳೂ ಅಷ್ಟು ಹೊತ್ತಿಗೆ ಬೇಸಿಗೆ ಶಿಬಿರದ 90 ಜನರ ಪಟ್ಟಿಯನ್ನು 53ಕ್ಕೆ ಇಳಿಸಿರಬೇಕು. ತಂಡಕ್ಕೆ 37ರಂತೆ ಒಟ್ಟು 1,184 ಹೆಸರುಗಳು ಹೊರಬೀಳುತ್ತವೆ. ಕೆಲವರು ಗಾಯಾಳುಗಳ ಪಟ್ಟಿಗೆ ಹೋಗುತ್ತಾರೆ, ಕೆಲವರನ್ನು ಬೇರೆ ತಂಡ ಕರೆದುಕೊಳ್ಳುತ್ತದೆ, ಇನ್ನು ಬಹಳಷ್ಟು ಜನರಿಗೆ ಚಿಕ್ಕಂದಿನಿಂದ ಕಂಡ ಕನಸು ಅಲ್ಲಿಗೆ ಮುಗಿಯುತ್ತದೆ. ಪಟ್ಟಿಯೊಳಗೆ ಉಳಿದ ಹೊಸಬನಿಗೆ 2024ರ ಲೆಕ್ಕದಲ್ಲಿ ವರ್ಷಕ್ಕೆ ಕನಿಷ್ಠ 7,95,000 ಡಾಲರ್ ಸಂಬಳ. ಹೊರಬಿದ್ದು ಪ್ರಾಕ್ಟೀಸ್ ಸ್ಕ್ವಾಡ್ ಎಂಬ ಅಭ್ಯಾಸ ತಂಡದಲ್ಲಿ ಜಾಗ ಪಡೆದವನಿಗೆ ಅದೇ ವರ್ಷ ವಾರಕ್ಕೆ ಕನಿಷ್ಠ 12,500 ಡಾಲರ್. ಆ ಸಂಬಳ ಯಾವ ವಾರ ಬೇಕಾದರೂ ನಿಲ್ಲಬಹುದು. ಅದೂ ದಕ್ಕದವನು ಊರಿಗೆ ಮರಳುತ್ತಾನೆ. 53ನೆಯವನ ಬದುಕಿಗೂ 54ನೆಯವನ ಬದುಕಿಗೂ ನಡುವೆ ಇಷ್ಟು ದೊಡ್ಡ ಕಂದಕ ಇರುವಾಗ, ಅವರಿಬ್ಬರ ಆಟದಲ್ಲೂ ಅಷ್ಟೇ ಅಂತರ ಇರಬೇಕು ಎಂದು ನೋಡುವವರಿಗೆ ಸಹಜವಾಗಿ ಅನ್ನಿಸುತ್ತದೆ. ಹಾಗೆ ಇಲ್ಲ ಎನ್ನುವುದು ಈ ಅಧ್ಯಾಯದ ವಾದ. ಪಟ್ಟಿಯ ಅಂಚಿನಲ್ಲಿ ನಿಂತವನ ಅವಕಾಶವನ್ನು ಅವನ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಕುರ್ಚಿಗಳ ಸಂಖ್ಯೆ, ಅಳತೆಯ ದೋಷ ಮತ್ತು ಕಾಲದ ಆಕಸ್ಮಿಕ ನಿರ್ಧರಿಸುತ್ತವೆ. ಆದ್ದರಿಂದ ಫಲಿತಾಂಶ ನೋಡಿ ಆಟಗಾರನ ಯೋಗ್ಯತೆಯನ್ನು ಅಳೆಯುವುದು ತಪ್ಪು ತರ್ಕ.

ಇದನ್ನು ಪರೀಕ್ಷಿಸಲು ಲೈನ್‌ಬ್ಯಾಕರ್ ಎಂಬ ಸ್ಥಾನ ಬಹಳ ಒಳ್ಳೆಯ ಉದಾಹರಣೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಬದಿಗೆ 11 ಜನ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಯತ್ನಗಳಿರುತ್ತವೆ. ಎದುರು ತಂಡ ಅದನ್ನು ತಡೆಯಬೇಕು. ತಡೆಯುವವರಲ್ಲಿ ಮೂರು ಸಾಲು. ಮುಂದಿನ ಸಾಲಿನಲ್ಲಿ ನೂರಿಪ್ಪತ್ತು, ನೂರೈವತ್ತು ಕಿಲೋ ತೂಗುವ ದೈತ್ಯರು. ಹಿಂದಿನ ಸಾಲಿನಲ್ಲಿ ಚೆಂಡು ಹಿಡಿಯಲು ಓಡುವವರ ಬೆನ್ನು ಹತ್ತುವ ಚುರುಕು ಕಾಲಿನವರು. ಇವರ ನಡುವೆ ಲೈನ್‌ಬ್ಯಾಕರ್‌ಗಳು. ಎದುರಾಳಿ ಚೆಂಡು ಹಿಡಿದು ಓಡಿದರೆ ಇವರು ಮುನ್ನುಗ್ಗಿ ಕೆಡವಬೇಕು, ಎಸೆದರೆ ಹಿಂದಕ್ಕೆ ಸರಿದು ಅಡ್ಡಗಟ್ಟಬೇಕು. ಓಡುತ್ತಾನೋ ಎಸೆಯುತ್ತಾನೋ ಎಂಬುದನ್ನು ಅರೆ ಸೆಕೆಂಡಿನಲ್ಲಿ ಗ್ರಹಿಸಬೇಕು. ಮೈಕಟ್ಟು, ವೇಗ ಮತ್ತು ಗ್ರಹಿಕೆ ಮೂರೂ ಸಮನಾಗಿ ಬೇಕಾದ ಕೆಲಸವಾದ್ದರಿಂದ ಇದನ್ನು ಒಂದೇ ಅಂಕಿಯಲ್ಲಿ ಅಳೆಯುವುದು ಕಷ್ಟ. ಓಟಗಾರನ ಯೋಗ್ಯತೆಯನ್ನು ಗಡಿಯಾರ ಹೇಳಿಬಿಡುತ್ತದೆ, ಲೈನ್‌ಬ್ಯಾಕರ್‌ನ ಯೋಗ್ಯತೆಯನ್ನು ಮನುಷ್ಯರೇ ಅಂದಾಜಿಸಬೇಕು. ಅಂದಾಜು ಇದ್ದಲ್ಲಿ ದೋಷವೂ ಇರುತ್ತದೆ, ಮತ್ತು ಆ ದೋಷ ಎಲ್ಲರನ್ನೂ ಒಂದೇ ರೀತಿ ಬಾಧಿಸುವುದಿಲ್ಲ.

ಅಂಚಿನಲ್ಲಿರುವವರನ್ನೇ ಅದು ಹೆಚ್ಚು ಬಾಧಿಸುವುದಕ್ಕೆ ಗಣಿತದ ಕಾರಣವಿದೆ. ಅಮೆರಿಕದ ಕಾಲೇಜುಗಳಲ್ಲಿ ಸುಮಾರು 73,000 ಜನ ಫುಟ್‌ಬಾಲ್ ಆಡುತ್ತಾರೆ. ಒಂದು ವರ್ಷದಲ್ಲಿ ವೃತ್ತಿಪರ ಆಯ್ಕೆಗೆ ಅರ್ಹರಾಗುವವರು 16,000ದಷ್ಟು. ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ತಂಡಗಳು ಹೆಸರು ಕೂಗಿ ಆರಿಸಿಕೊಳ್ಳುವುದು 260ರ ಆಸುಪಾಸು. ಅಂದರೆ ನೂರಕ್ಕೆ ಇಬ್ಬರೂ ಇಲ್ಲ. ಉಳಿದವರಲ್ಲಿ ಕೆಲವು ನೂರು ಜನ ಡ್ರಾಫ್ಟ್ ಆಗದ ಸ್ವತಂತ್ರ ಆಟಗಾರರಾಗಿ ಶಿಬಿರ ಸೇರುತ್ತಾರೆ. ಲೀಗಿನ ಎಲ್ಲ ತಂಡಗಳಲ್ಲಿ ಲೈನ್‌ಬ್ಯಾಕರ್‌ಗಳಿಗೆ ತಲಾ ಆರು ಜಾಗ ಎಂದುಕೊಂಡರೆ ಒಟ್ಟು 190ರಷ್ಟು ಕುರ್ಚಿಗಳು. ಇವುಗಳಿಗೆ ದೇಶದಲ್ಲಿ 4,000 ಉಮೇದುವಾರರು ಇದ್ದಾರೆಂದು ಊಹಿಸೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆ. ಅವರ ಸಾಮರ್ಥ್ಯ ಗಂಟೆಯಾಕಾರದ ಸಾಮಾನ್ಯ ವಕ್ರರೇಖೆಯಂತೆ ಹರಡಿದೆ ಎಂದುಕೊಂಡರೆ, ಅತ್ಯುತ್ತಮನಿಗೂ 10ನೆಯವನಿಗೂ ನಡುವಿನ ಅಂತರವು 190ನೆಯವನಿಗೂ 200ನೆಯವನಿಗೂ ಇರುವ ಅಂತರದ ಸುಮಾರು ಮೂವತ್ತು ಪಟ್ಟು ಆಗುತ್ತದೆ. ಇನ್ನೂ ಮುಖ್ಯವಾದ ಸಂಗತಿ: 150ನೆಯವನಿಂದ 250ನೆಯವನವರೆಗಿನ ನೂರು ಜನರೂ ಸೇರಿ ನಿಂತಿರುವ ಜಾಗ ಮೊದಲ ಹತ್ತು ಜನರ ನಡುವಿನ ಜಾಗದ ಮೂರನೇ ಒಂದು ಪಾಲಿನಷ್ಟೇ. ತುದಿಯಲ್ಲಿ ಜನ ವಿರಳ, ಅಂಚಿನಲ್ಲಿ ದಟ್ಟಣೆ. ಕುರ್ಚಿಗಳು ಮುಗಿಯುವ ಗೆರೆ ಬೀಳುವುದು ಈ ದಟ್ಟಣೆಯ ನಡುವೆಯೇ. ಜರಡಿ ಹಿಡಿದವರಿಗೆ ಗೊತ್ತು: ದಪ್ಪ ಕಾಳು ಹೇಗೂ ಮೇಲೆ ಉಳಿಯುತ್ತದೆ, ನುಚ್ಚು ಹೇಗೂ ಕೆಳಗೆ ಬೀಳುತ್ತದೆ, ಜರಡಿಯ ಕಣ್ಣಿನಷ್ಟೇ ಗಾತ್ರದ ಕಾಳು ಮಾತ್ರ ಕೈ ಅಲುಗಾಡಿದ ರೀತಿಯನ್ನು ನಂಬಿಕೊಂಡಿರುತ್ತದೆ.

ಹಾಗಾದರೆ ಕೈ ಅಲುಗಾಡುವುದು ಹೇಗೆ? ಋತು ಶುರುವಾಗುವ ಮೊದಲು ಪ್ರೀಸೀಸನ್ ಪಂದ್ಯಗಳಿರುತ್ತವೆ. ಲೆಕ್ಕಕ್ಕಿಲ್ಲದ, ಪರೀಕ್ಷೆಗೆಂದೇ ಆಡುವ ಪಂದ್ಯಗಳು ಇವು. 2021ರಲ್ಲಿ ಲೀಗಿನ ಋತು 16 ಪಂದ್ಯಗಳಿಂದ 17ಕ್ಕೆ ಏರಿದಾಗ ಇವು ಬಹುತೇಕ ತಂಡಗಳಿಗೆ ನಾಲ್ಕರಿಂದ ಮೂರಕ್ಕೆ ಇಳಿದವು. ಅಂಚಿನ ಆಟಗಾರ ಕಣಕ್ಕಿಳಿಯುವುದು ಹೆಚ್ಚಾಗಿ ಈ ಪಂದ್ಯಗಳ ಕೊನೆಯ ಭಾಗದಲ್ಲಿ. ಈಗ ಇಬ್ಬರು ಲೈನ್‌ಬ್ಯಾಕರ್‌ಗಳನ್ನು ಊಹಿಸಿಕೊಳ್ಳಿ. ಒಬ್ಬ ಎದುರಾಳಿಯನ್ನು ಹಿಡಿಯಲು ಹೋದಾಗ ನೂರಕ್ಕೆ 85 ಸಲ ಕೆಡವುತ್ತಾನೆ, ಇನ್ನೊಬ್ಬ 80 ಸಲ. ವೃತ್ತಿಪರ ಮಟ್ಟದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಇಬ್ಬರಿಗೂ ತಲಾ 20 ಅವಕಾಶ ಸಿಕ್ಕಿತೆಂದುಕೊಳ್ಳೋಣ. ದ್ವಿಪದ ಸಂಭವನೀಯತೆಯ ಲೆಕ್ಕ ಹಾಕಿದರೆ, ಉತ್ತಮನು ನಿಜಕ್ಕೂ ಮುಂದೆ ಕಾಣಿಸಿಕೊಳ್ಳುವುದು ನೂರರಲ್ಲಿ 58 ಬಾರಿ ಮಾತ್ರ. 15 ಬಾರಿ ಇಬ್ಬರೂ ಸಮ. ಉಳಿದ 27 ಬಾರಿ ಕಡಿಮೆ ಸಾಮರ್ಥ್ಯದವನೇ ಮೇಲುಗೈ ಸಾಧಿಸಿದಂತೆ ತೋರುತ್ತದೆ. ಉತ್ತಮನು ಮುಂದೆ ಕಾಣುತ್ತಾನೆ ಎಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬೇಕಾದರೆ ಇಬ್ಬರಿಗೂ ತಲಾ 300 ಅವಕಾಶಗಳ ಆಸುಪಾಸು ಬೇಕು. ಲೀಗಿನಲ್ಲಿ ಇಡೀ ವರ್ಷ ಮೊದಲ ಸಾಲಿನಲ್ಲಿ ಆಡುವ ಒಳ್ಳೆಯ ಲೈನ್‌ಬ್ಯಾಕರ್ ಒಂದು ಋತುವಿನಲ್ಲಿ ನೂರರಿಂದ ನೂರೈವತ್ತು ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವ ಕೆಲಸ, ಮಾಡುತ್ತಾನೆ. ಎರಡು-ಮೂರು ವರ್ಷ ಪೂರ್ತಿ ಆಡಿದ ಮೇಲೆ ಸಿಗಬಹುದಾದ ಉತ್ತರವನ್ನು ಮೂರು ವಾರಾಂತ್ಯಗಳಲ್ಲಿ ಕಂಡುಕೊಳ್ಳಬೇಕಾದ ಒತ್ತಡ ತಂಡಗಳ ಮೇಲಿದೆ. ಇಲ್ಲಿ ಯಾರದೂ ಅಪ್ರಾಮಾಣಿಕತೆ ಇಲ್ಲ, ಮಾಹಿತಿಯೇ ಅಷ್ಟಿಲ್ಲ.

ತರಬೇತುದಾರರ ಪರವಾಗಿ ಒಂದು ಗಟ್ಟಿ ಆಕ್ಷೇಪಣೆ ಬರುತ್ತದೆ. ಅವರು ಪಂದ್ಯಗಳನ್ನಷ್ಟೇ ನೋಡಿ ತೀರ್ಮಾನಿಸುವುದಿಲ್ಲ, ಶಿಬಿರದಲ್ಲಿ ದಿನವೂ ನೋಡುತ್ತಾರೆ, ಪ್ರತಿ ಅಭ್ಯಾಸವನ್ನೂ ವಿಡಿಯೋದಲ್ಲಿ ಹಿಂದೆ ಮುಂದೆ ಓಡಿಸಿ ನೋಡುತ್ತಾರೆ, ಮೂವತ್ತು ವರ್ಷ ಇದೇ ಕೆಲಸ ಮಾಡಿದ ಕಣ್ಣುಗಳು ಅವು. ಈ ಮಾತಿಗೆ ಬೆಲೆ ಕೊಡಲೇಬೇಕು. ಕಾಲು ಇಡುವ ರೀತಿ, ತಲೆ ತಿರುಗಿಸುವ ಕ್ಷಣ, ಸಹ ಆಟಗಾರನಿಗೆ ಕೂಗಿ ಹೇಳುವ ಸೂಚನೆ ಇವೆಲ್ಲ ಟ್ಯಾಕಲ್‌ಗಳ ಎಣಿಕೆಯಲ್ಲಿ ಬರುವುದಿಲ್ಲ, ಆದರೆ ಅನುಭವಿಗೆ ಕಾಣುತ್ತವೆ. ಹೀಗಿದ್ದರೂ ಅಭ್ಯಾಸದ ಸರದಿಗಳು ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನು ಮರೆಯಬಾರದು. ಮೊದಲ ಸಾಲಿನವರು ಋತುವಿಗೆ ಸಿದ್ಧರಾಗಬೇಕಾದ್ದರಿಂದ ಸಿಂಹಪಾಲು ಅವರಿಗೇ ಹೋಗುತ್ತದೆ. ಮೂರನೇ ಸಾಲಿನವನಿಗೆ ಸಿಗುವುದು ಉಳಿದ ಸರದಿಗಳು, ಅದೂ ಮೂರನೇ ಸಾಲಿನ ಎದುರಾಳಿಗಳ ವಿರುದ್ಧ. ಜೊತೆಗೆ, ಗಾಯದ ಭಯದಿಂದ ಅಭ್ಯಾಸದಲ್ಲಿ ಸಾಮಾನ್ಯವಾಗಿ ಯಾರನ್ನೂ ನೆಲಕ್ಕೆ ಕೆಡವುವಂತಿಲ್ಲ. ಆಟಗಾರರ ಸಂಘಕ್ಕೂ ಲೀಗಿಗೂ ನಡುವೆ 2011ರಲ್ಲಿ ಆದ ಒಪ್ಪಂದವು ರಕ್ಷಣಾ ಕವಚ ತೊಟ್ಟು ದಿನಕ್ಕೆರಡು ಬಾರಿ ಗುದ್ದಾಡುವ ಹಳೆಯ ಪದ್ಧತಿಯನ್ನು ನಿಲ್ಲಿಸಿತು, 2020ರ ಒಪ್ಪಂದ ಅದನ್ನು ಇನ್ನಷ್ಟು ಬಿಗಿ ಮಾಡಿತು. ಮಿದುಳಿಗೆ ಬೀಳುವ ಪೆಟ್ಟುಗಳ ಬಗ್ಗೆ ಈಗ ತಿಳಿದಿರುವುದನ್ನು ನೋಡಿದರೆ ಇದು ಅತ್ಯಗತ್ಯವಾಗಿದ್ದ ಸುಧಾರಣೆ, ಅದನ್ನು ಸ್ವಾಗತಿಸಲೇಬೇಕು. ಆದರೆ ಅದರ ಒಂದು ಪರಿಣಾಮ ಅಂಚಿನವನ ಮೇಲೆ ಬಿದ್ದಿದೆ: ಲೈನ್‌ಬ್ಯಾಕರ್‌ನ ಮುಖ್ಯ ಕೌಶಲವನ್ನು ಪೂರ್ಣ ಬಲದಲ್ಲಿ ತೋರಿಸುವ ಸಂದರ್ಭಗಳು ಕಡಿಮೆಯಾಗಿವೆ.

ಅನುಭವಿ ಕಣ್ಣು ಹತ್ತಿರಹತ್ತಿರದ ಇಬ್ಬರನ್ನು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬುದಕ್ಕೆ ನೇರವಾದ ಸಾಕ್ಷ್ಯವೂ ಇದೆ. ಅರ್ಥಶಾಸ್ತ್ರದಲ್ಲಿ 2017ರ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಅವರ ಸಹೋದ್ಯೋಗಿ ಕೇಡ್ ಮ್ಯಾಸಿ ಡ್ರಾಫ್ಟ್‌ನ ಆಯ್ಕೆಗಳನ್ನು ವರ್ಷಗಳ ಕಾಲ ವಿಶ್ಲೇಷಿಸಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದೇ ಸ್ಥಾನದಲ್ಲಿ ಆಡುವ, ಒಬ್ಬರ ನಂತರ ಒಬ್ಬರಂತೆ ಆಯ್ಕೆಯಾದ ಇಬ್ಬರನ್ನು ಅವರು ಹೋಲಿಸಿದರು. ಮೊದಲು ಆಯ್ಕೆಯಾದವನು ಮುಂದೆ ನಿಜಕ್ಕೂ ಉತ್ತಮನಾಗಿ ಹೊಮ್ಮಿದ್ದು ನೂರಕ್ಕೆ ಸುಮಾರು 52 ಬಾರಿ. ನಾಣ್ಯ ಚಿಮ್ಮಿದರೆ 50. ಕೋಟ್ಯಂತರ ಡಾಲರ್ ಖರ್ಚು, ನೂರಾರು ಪರಿವೀಕ್ಷಕರು, ವರ್ಷಪೂರ್ತಿ ಪ್ರಯಾಣ, ಇಂಡಿಯಾನಾಪೊಲಿಸ್‌ನ ಕಂಬೈನ್ ಎಂಬ ಪರೀಕ್ಷಾ ಶಿಬಿರದಲ್ಲಿ 40 ಗಜದ ಓಟದಿಂದ ಹಿಡಿದು ಜಿಗಿತದವರೆಗಿನ ಅಳತೆಗಳು, ಇಷ್ಟೆಲ್ಲ ಆದ ಮೇಲೆ ಪಕ್ಕಪಕ್ಕದ ಇಬ್ಬರ ನಡುವೆ ಸಿಕ್ಕ ಲಾಭ ನೂರಕ್ಕೆ ಎರಡು. ಪರಿವೀಕ್ಷಕರು ಕೆಲಸಕ್ಕೆ ಬಾರದವರು ಎಂದು ಇದರ ಅರ್ಥವಲ್ಲ. ಮೊದಲ ಸುತ್ತಿನವರನ್ನು ಏಳನೇ ಸುತ್ತಿನವರೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ದೂರದೂರದವರನ್ನು ಅವರು ಸರಿಯಾಗಿಯೇ ಬೇರ್ಪಡಿಸುತ್ತಾರೆ, ಹತ್ತಿರದವರನ್ನು ಬೇರ್ಪಡಿಸುವುದು ಮನುಷ್ಯರ ಕೈಯಲ್ಲಿ ಆಗುತ್ತಿಲ್ಲ. ಆಗಸ್ಟ್ ಕೊನೆಯ ಮಂಗಳವಾರದ ತೀರ್ಮಾನವೆಲ್ಲ ಹತ್ತಿರದವರ ಬಗ್ಗೆಯೇ.

ಇಬ್ಬರೂ ಸಮ ಎಂದು ಕಂಡಾಗ ತೀರ್ಮಾನ ಯಾವ ಕಡೆ ವಾಲುತ್ತದೆ? ಇಲ್ಲಿ ಅದೃಷ್ಟಕ್ಕಿಂತ ಬೇರೆಯದೊಂದು ಶಕ್ತಿ ಕೆಲಸ ಮಾಡುತ್ತದೆ. ಡ್ರಾಫ್ಟ್‌ನಲ್ಲಿ ಆಯ್ಕೆಯಾದವನ ಮೇಲೆ ತಂಡ ಆಗಲೇ ಹಣ ಹಾಕಿರುತ್ತದೆ. ಅವನನ್ನು ಕೈಬಿಟ್ಟರೂ ಸಹಿ ಮಾಡಿದಾಗ ಕೊಟ್ಟ ಬೋನಸ್ ತಂಡದ ಸಂಬಳ ಮಿತಿಯ ಲೆಕ್ಕದಲ್ಲಿ ಉಳಿದುಕೊಳ್ಳುತ್ತದೆ. ಡ್ರಾಫ್ಟ್ ಆಗದವನ ವಿಷಯದಲ್ಲಿ ಈ ಹೊರೆ ಬಹಳ ಕಡಿಮೆ. ಹಣದ ಜೊತೆಗೆ ಆಯ್ಕೆ ಮಾಡಿದವರ ಪ್ರತಿಷ್ಠೆಯೂ ಪಣಕ್ಕಿರುತ್ತದೆ. 1995ರಲ್ಲಿ ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ ಎಂಬ ಸಂಶೋಧಕರು ಬ್ಯಾಸ್ಕೆಟ್‌ಬಾಲ್ ಲೀಗಿನ ದಾಖಲೆಗಳನ್ನು ಜಾಲಾಡಿ, ಆಟದ ಸಾಧನೆ ಒಂದೇ ಇದ್ದರೂ ಮೇಲಿನ ಕ್ರಮಾಂಕದಲ್ಲಿ ಆಯ್ಕೆಯಾದವರಿಗೆ ಹೆಚ್ಚು ಹೊತ್ತು ಆಡುವ ಅವಕಾಶ ಸಿಗುತ್ತದೆ, ಅವರು ಲೀಗಿನಲ್ಲಿ ಹೆಚ್ಚು ವರ್ಷ ಉಳಿಯುತ್ತಾರೆ ಎಂದು ತೋರಿಸಿದರು. ಇದಕ್ಕೆ ಬೇರೆ ವಿವರಣೆ ಸಾಧ್ಯವೇ ಎಂದು 1999ರಲ್ಲಿ ಕಾಲಿನ್ ಕ್ಯಾಮರರ್ ಮತ್ತು ರೊಬರ್ಟೊ ವೆಬರ್ ಮರುಪರಿಶೀಲಿಸಿದರು. ಮೇಲಿನ ಕ್ರಮಾಂಕದವನಲ್ಲಿ ಅಂಕಿಗಳಿಗೆ ಕಾಣದ ಪ್ರತಿಭೆ ಇರಬಹುದಲ್ಲವೇ ಎಂಬುದು ಅವರ ನ್ಯಾಯವಾದ ಪ್ರಶ್ನೆ. ಅಂಥ ಸಾಧ್ಯತೆಗಳನ್ನು ಕಳೆದ ಮೇಲೆ ಪರಿಣಾಮ ಮೊದಲು ತೋರಿದ್ದಕ್ಕಿಂತ ಚಿಕ್ಕದಾಯಿತು, ಆದರೆ ಅಳಿಯಲಿಲ್ಲ. ಫುಟ್‌ಬಾಲ್ ಬೇರೆ ಆಟವಾದರೂ ತೀರ್ಮಾನ ಮಾಡುವ ಮನಸ್ಸು ಮನುಷ್ಯರದೇ. ಇಬ್ಬರು ಸಮಾನರಲ್ಲಿ ಒಬ್ಬನ ಹೆಸರಿನ ಮುಂದೆ ಐದನೇ ಸುತ್ತು ಎಂದು ಬರೆದಿದ್ದರೆ ಆ ಎರಡು ಪದಗಳೇ ಅವನನ್ನು ಗೆರೆಯ ಒಳಗೆ ಎಳೆಯಬಲ್ಲವು.

ಇನ್ನು ಕುರ್ಚಿಗಳ ವಿಷಯ. ಅಂಚಿನ ಆಟಗಾರನ ಹಣೆಬರಹದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಇದಕ್ಕಿದೆ ಎಂಬುದು ನನ್ನ ಅಭಿಪ್ರಾಯ, ಯಾಕೆಂದರೆ ಇದು ಅವನ ಕೈಯಲ್ಲಿ ಒಂದಿಷ್ಟೂ ಇಲ್ಲ. ಹಿಂದೆ ತಂಡಗಳು ಮುಂದಿನ ಸಾಲಿನಲ್ಲಿ ನಾಲ್ವರು, ನಡುವೆ ಮೂವರು ಲೈನ್‌ಬ್ಯಾಕರ್‌ಗಳನ್ನು ನಿಲ್ಲಿಸುತ್ತಿದ್ದವು, ಅಥವಾ ಮುಂದೆ ಮೂವರು, ನಡುವೆ ನಾಲ್ವರು. ಕಳೆದ ಎರಡು-ಮೂರು ದಶಕಗಳಲ್ಲಿ ಆಟ ಓಟದಿಂದ ಎಸೆತದ ಕಡೆಗೆ ವಾಲಿತು. ಚೆಂಡು ಹಿಡಿಯುವವರನ್ನು ಮೂವರು ಇಟ್ಟುಕೊಂಡು ಆಡುವುದು ರೂಢಿಯಾಯಿತು. ಅವರನ್ನು ಹಿಂಬಾಲಿಸಲು ತಡೆಯುವ ತಂಡ ಹಿಂದಿನ ಸಾಲಿಗೆ ಐದನೆಯವನನ್ನು ಸೇರಿಸಿಕೊಂಡಿತು. ನಿಕಲ್ ಎಂದು ಕರೆಯುವ ಈ ವ್ಯೂಹವೇ ಈಗ ಅರ್ಧಕ್ಕಿಂತ ಹೆಚ್ಚು ಹೊತ್ತು ಕಣದಲ್ಲಿರುತ್ತದೆ. ಹನ್ನೊಂದಕ್ಕಿಂತ ಹೆಚ್ಚು ಜನರನ್ನು ನಿಲ್ಲಿಸುವಂತಿಲ್ಲವಾದ್ದರಿಂದ ಹೊರಗೆ ಹೋದದ್ದು ಮೂರನೇ ಲೈನ್‌ಬ್ಯಾಕರ್. ಉಳಿದ ಇಬ್ಬರಿಗೂ ಮೊದಲಿನದಕ್ಕಿಂತ ಬೇರೆ ಗುಣಗಳು ಬೇಕಾದವು: ಗುದ್ದುವ ಬಲಕ್ಕಿಂತ ಬೆನ್ನು ಹತ್ತುವ ಕಾಲು. ಭಾರತೀಯ ಮೂಲದ ತಂದೆಯ ಮಗ ಬ್ರ್ಯಾಂಡನ್ ಚಿಲ್ಲರ್ 2004ರಲ್ಲಿ ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾಗಿ, ಮುಂದೆ ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿ ಎಸೆತ ತಡೆಯುವ ಲೈನ್‌ಬ್ಯಾಕರ್ ಆಗಿ ಆಡಿದ್ದು ಇಂಥ ಬದಲಾವಣೆಯ ಕಾಲದಲ್ಲಿಯೇ. ಅದೇ ವರ್ಷಗಳಲ್ಲಿ, ಓಟ ತಡೆಯುವುದರಲ್ಲಿ ಗಟ್ಟಿಗನಾಗಿದ್ದು ಹಿಮ್ಮುಖವಾಗಿ ಸರಿಯುವುದರಲ್ಲಿ ನಿಧಾನವಾದ ಆಟಗಾರನ ಸಾಮರ್ಥ್ಯ ಒಂದಿನಿತೂ ಕುಂದದೆ ಅವನ ಬೇಡಿಕೆ ಕುಂದಿತು. ಇಪ್ಪತ್ತು ವರ್ಷ ಮೊದಲು ಹುಟ್ಟಿದ್ದರೆ ಅವನು ನಿರಾಯಾಸವಾಗಿ ಪಟ್ಟಿ ಸೇರುತ್ತಿದ್ದ.

ಶಿಬಿರಕ್ಕೆ ಹತ್ತು-ಹನ್ನೊಂದು ಲೈನ್‌ಬ್ಯಾಕರ್‌ಗಳು ಬರುತ್ತಾರೆ, ಉಳಿಯುವುದು ಐದಾರು ಜನ. ಮೊದಲ ನಾಲ್ಕು ಹೆಸರು ಹೆಚ್ಚುಕಡಿಮೆ ಮೊದಲೇ ನಿಶ್ಚಯವಾಗಿರುತ್ತವೆ. ಆದ್ದರಿಂದ 90ರಲ್ಲಿ 53, ಅಂದರೆ ನೂರಕ್ಕೆ 59 ಎಂಬ ಸರಾಸರಿ ಅಂಚಿನವನಿಗೆ ಅನ್ವಯಿಸುವುದೇ ಇಲ್ಲ. ಅವನ ಪಾಲಿಗೆ ಆರೇಳು ಜನರಿಗೆ ಒಂದು ಅಥವಾ ಎರಡು ಜಾಗ. ಆ ಕೊನೆಯ ಜಾಗಕ್ಕೂ ಅವನ ಪೈಪೋಟಿ ಲೈನ್‌ಬ್ಯಾಕರ್‌ಗಳ ಜೊತೆಗಷ್ಟೇ ಅಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಮೂರನೆಯವನು ಬೇಕೇ, ಮುಂದಿನ ಸಾಲಿನ ಲೈನ್‌ಮನ್‌ಗಳಲ್ಲಿ ಹತ್ತನೆಯವನು ಬೇಕೇ ಎಂಬ, ಅವನಿಗೆ ಸಂಬಂಧವೇ ಇಲ್ಲದ ಪ್ರಶ್ನೆಗಳ ಜೊತೆಗೂ. ಇಲ್ಲಿ ಅವನನ್ನು ಕಾಪಾಡಬಲ್ಲದ್ದು ಸ್ಪೆಷಲ್ ಟೀಮ್ಸ್, ಅಂದರೆ ಚೆಂಡನ್ನು ಒದೆಯುವ ಸಂದರ್ಭಗಳಿಗೆಂದೇ ಇರುವ ತಂಡಗಳು. ಒದ್ದ ಚೆಂಡಿನ ಹಿಂದೆ ಐವತ್ತು ಗಜ ಓಡಿ ಅದನ್ನು ಹಿಡಿದವನನ್ನು ಕೆಡವಲು ವೇಗವೂ ತೂಕವೂ ಬೇಕು. ಲೈನ್‌ಬ್ಯಾಕರ್‌ನ ಮೈಕಟ್ಟು ಇದಕ್ಕೆ ಹೇಳಿಮಾಡಿಸಿದಂತಿದೆ. ರೈಸ್ ವಿಶ್ವವಿದ್ಯಾಲಯದ ಲ್ಯಾರಿ ಇಝೊ 1996ರಲ್ಲಿ ಯಾರೂ ಆಯ್ಕೆ ಮಾಡದ ಲೈನ್‌ಬ್ಯಾಕರ್. ಆತ ಮುಖ್ಯವಾಗಿ ಈ ಕೆಲಸದಿಂದಲೇ ಹತ್ತು ವರ್ಷಕ್ಕೂ ಮೀರಿ ಲೀಗಿನಲ್ಲಿ ಉಳಿದು, ಮೂರು ಬಾರಿ ಪ್ರೋ ಬೋಲ್ ಗೌರವ ಪಡೆದು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಜೊತೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೋಲ್ ಅನ್ನು ಮೂರು ಬಾರಿ ಗೆದ್ದ. ಅಂಚಿನ ಲೈನ್‌ಬ್ಯಾಕರ್‌ಗಳ ಪಾಲಿಗೆ ಅವನ ದಾರಿ ಒಂದು ರಾಜಮಾರ್ಗದಂತಿತ್ತು.

ಆ ರಾಜಮಾರ್ಗವನ್ನು ನಿಯಮಗಳು ಕ್ರಮೇಣ ಕಿರಿದು ಮಾಡಿದವು. ಎರಡೂ ಕಡೆಯವರು ಪೂರ್ಣ ವೇಗದಲ್ಲಿ ಓಡಿ ಬಂದು ಡಿಕ್ಕಿ ಹೊಡೆಯುತ್ತಿದ್ದ ಕಿಕ್‌ಆಫ್, ಅಂದರೆ ಆಟ ಶುರುಮಾಡುವ ಒದೆತ, ತಲೆಗೆ ಪೆಟ್ಟು ಬೀಳುವ ಅತ್ಯಂತ ಅಪಾಯದ ಆಟಗಳಲ್ಲೊಂದಾಗಿತ್ತು. 2011ರಲ್ಲಿ ಕಿಕ್‌ಆಫ್ ಗೆರೆಯನ್ನು 30 ಗಜದಿಂದ 35ಕ್ಕೆ ಸರಿಸಿದರು. ಚೆಂಡು ಹೆಚ್ಚು ದೂರ ಹಾರಿ, ಅದನ್ನು ಹಿಡಿದು ಮರಳಿ ಓಡುವ ಪ್ರಸಂಗಗಳು ಕಡಿಮೆಯಾದವು. 2018ರಲ್ಲಿ ಒದೆಯುವ ಮೊದಲು ಓಟ ಕೀಳುವುದನ್ನು ನಿಷೇಧಿಸಿದರು. 2023ರ ಋತುವಿನ ಹೊತ್ತಿಗೆ ಐದು ಕಿಕ್‌ಆಫ್‌ಗಳಲ್ಲಿ ಒಂದರಷ್ಟು ಮಾತ್ರ ಮರಳಿ ಓಟಕ್ಕೆ ಎಡೆ ಕೊಡುತ್ತಿತ್ತು. ಆ ಋತುವಿನ ಸೂಪರ್ ಬೋಲ್‌ನಲ್ಲಿ ಒಂದೇ ಒಂದು ಕಿಕ್‌ಆಫ್ ಕೂಡ ಹಿಂದಿರುಗಲಿಲ್ಲ. ಯಾರೂ ಓಡದ ಚೆಂಡಿನ ಹಿಂದೆ ಓಡಬಲ್ಲವನಿಗೆ ತಂಡ ಎಷ್ಟು ಬೆಲೆ ಕೊಡೀತು? ಆರನೇ ಲೈನ್‌ಬ್ಯಾಕರ್‌ನನ್ನು ಇಟ್ಟುಕೊಳ್ಳುವ ಕಾರಣಗಳಲ್ಲಿ ಒಂದು ಹೀಗೆ ನಿಯಮ ರೂಪಿಸುವ ಸಮಿತಿಯ ಕೋಣೆಯಲ್ಲಿ ಸವೆಯುತ್ತಾ ಹೋಯಿತು.

ಎರಡನೇ ಆಕ್ಷೇಪಣೆ ಮಾರುಕಟ್ಟೆಯದು. ಒಂದು ತಂಡ ತಪ್ಪು ಮಾಡಿದರೆ ಉಳಿದ 31 ತಂಡಗಳಿವೆಯಲ್ಲ? ಕೈಬಿಟ್ಟ ಎಳೆಯ ಆಟಗಾರರ ಹೆಸರುಗಳು ವೇವರ್ ಎಂಬ ಪಟ್ಟಿಗೆ ಹೋಗುತ್ತವೆ. ಮರುದಿನ ಮಧ್ಯಾಹ್ನದೊಳಗೆ ಯಾವ ತಂಡವಾದರೂ ಅವರನ್ನು ಕೇಳಿ ಪಡೆಯಬಹುದು. ನಿಜವಾದ ಪ್ರತಿಭೆ ಇದ್ದರೆ 31ರಲ್ಲಿ ಒಬ್ಬರಾದರೂ ಗುರುತಿಸಿಯಾರು ಎಂಬ ಮಾತು ಕೇಳಲು ಸರಿಯಾಗಿದೆ. ಆದರೆ ಇದು 31 ಬೇರೆ ಬೇರೆ ಪರೀಕ್ಷೆಗಳಲ್ಲ. ಎಲ್ಲರ ಮುಂದಿರುವುದೂ ಅವವೇ ಮೂರು ಪಂದ್ಯಗಳ ಅದೇ ವಿಡಿಯೋ. ಆ ಇಪ್ಪತ್ತು ಅವಕಾಶಗಳಲ್ಲಿ ದುರದೃಷ್ಟ ಕಾಡಿದ್ದರೆ ಅದನ್ನು 31 ಜನರೂ ಒಟ್ಟಿಗೆ ನೋಡುತ್ತಾರೆ. ಇದಕ್ಕಿಂತ ಸೂಕ್ಷ್ಮವಾದ ತೊಡಕನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ವಿವರಿಸಿದ್ದರು. ಆ ಕೆಲಸಕ್ಕೆ 2001ರಲ್ಲಿ ನೊಬೆಲ್ ಬಂತು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಾಗ, ಮಾರಾಟಕ್ಕೆ ಬಂದದ್ದೇ ಒಂದು ಅನುಮಾನವಾಗುತ್ತದೆ. ಆಟಗಾರನನ್ನು ಹಲವು ವಾರ ಹತ್ತಿರದಿಂದ ನೋಡಿದ ತಂಡವೇ ಬಿಟ್ಟಿದೆ ಎಂದರೆ ಏನೋ ಕಾರಣ ಇರಬೇಕು ಎಂದು ಉಳಿದವರು ಊಹಿಸುತ್ತಾರೆ. ಕಾರಣ ಅವನ ಆಟವಾಗಿರದೆ ಮೂರನೇ ಕ್ವಾರ್ಟರ್‌ಬ್ಯಾಕ್ ಆಗಿರಬಹುದು. ಅದು ಹೊರಗಿನವರಿಗೆ ಕಾಣುವುದಿಲ್ಲ. ಮೇಲಾಗಿ ಆ 31 ತಂಡಗಳಿಗೂ ಅಂದೇ ಬಿಡಬೇಕಾದ ತಮ್ಮದೇ 37 ಜನ ಇದ್ದಾರೆ. ಅವರಿಗೆ ಆ ತಂಡದ ಆಟದ ಯೋಜನೆ ಬಾಯಿಪಾಠವಾಗಿರುತ್ತದೆ. ಹೊಸಬನೊಬ್ಬ ಸ್ವಲ್ಪ ಉತ್ತಮನಾಗಿದ್ದರೆ ಸಾಲದು, ಕಲಿಕೆಯ ಆ ಕೊರತೆಯನ್ನು ಮೀರುವಷ್ಟು ಉತ್ತಮನಾಗಿರಬೇಕು. ಅಂಚಿನಲ್ಲಿ ಅಷ್ಟು ಅಂತರ ಇರುವುದಿಲ್ಲ ಎಂಬುದನ್ನು ಆಗಲೇ ನೋಡಿದ್ದೇವೆ.

ಮೂರನೇ ಆಕ್ಷೇಪಣೆ ಎಲ್ಲಕ್ಕಿಂತ ಜನಪ್ರಿಯವಾದದ್ದು, ಮತ್ತು ಅದಕ್ಕೆ ಹೆಸರುಗಳ ಬಲವಿದೆ. ಡ್ರಾಫ್ಟ್ ಆಗದೆಯೂ ಮಹಾನ್ ಆಟಗಾರರಾದ ಲೈನ್‌ಬ್ಯಾಕರ್‌ಗಳಿದ್ದಾರೆ. ಮೂರನೇ ದರ್ಜೆಯ ಕಾಲೇಜು ತಂಡದಿಂದ ಬಂದ, ಐದು ಅಡಿ ಹತ್ತು ಅಂಗುಲದ ಲಂಡನ್ ಫ್ಲೆಚರ್ 1998ರಿಂದ 2013ರವರೆಗೆ ಒಂದೂ ಪಂದ್ಯ ತಪ್ಪಿಸದೆ ಸತತ 256 ಪಂದ್ಯ ಆಡಿದ. ಜೇಮ್ಸ್ ಹ್ಯಾರಿಸನ್ 2008ರಲ್ಲಿ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಎಂಬ ಪ್ರಶಸ್ತಿ ಪಡೆದು, ಡ್ರಾಫ್ಟ್ ಆಗದೆ ಆ ಪ್ರಶಸ್ತಿ ಗೆದ್ದ ಮೊದಲಿಗನಾದ. ಅದೇ ಋತುವಿನ ಸೂಪರ್ ಬೋಲ್‌ನಲ್ಲಿ ಎದುರಾಳಿಯ ಎಸೆತವನ್ನು ಗೋಲ್ ಗೆರೆಯಲ್ಲಿ ಕಸಿದು 100 ಗಜ ಓಡಿ ಅಂಕ ಗಳಿಸಿದ. ಸ್ಯಾಮ್ ಮಿಲ್ಸ್ 2022ರಲ್ಲಿ ಶ್ರೇಷ್ಠ ಆಟಗಾರರ ಹಾಲ್ ಆಫ್ ಫೇಮ್ ಸೇರಿದ. ಪ್ರತಿಭೆ ಎಂದಿದ್ದರೂ ಮೇಲೆ ಬಂದೇ ಬರುತ್ತದೆ ಎಂಬುದಕ್ಕೆ ಇವರೇ ಸಾಕ್ಷಿ ಎನ್ನುತ್ತಾರೆ. ಇವರ ಕಥೆಗಳನ್ನು ಹತ್ತಿರದಿಂದ ನೋಡಿದರೆ ಅವು ಹೇಳುವುದು ಬೇರೆಯದನ್ನೇ. ಹ್ಯಾರಿಸನ್‌ನನ್ನು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಒಮ್ಮೆಯಲ್ಲ, ಹಲವು ಬಾರಿ ಕೈಬಿಟ್ಟಿತ್ತು. ಬಾಲ್ಟಿಮೋರ್ ತಂಡ ಅವನನ್ನು ಯುರೋಪಿನ ಕಿರಿಯ ಲೀಗಿಗೆ ಕಳಿಸಿ, ಆಮೇಲೆ ಅದೂ ಕೈಬಿಟ್ಟಿತು. 2004ರ ಬೇಸಿಗೆಯಲ್ಲಿ ಸ್ಟೀಲರ್ಸ್‌ನ ಕ್ಲಾರ್ಕ್ ಹ್ಯಾಗನ್ಸ್ ಭಾರ ಎತ್ತುವಾಗ ಕೈಗೆ ಪೆಟ್ಟು ಮಾಡಿಕೊಂಡ. ಖಾಲಿಯಾದ ಜಾಗಕ್ಕೆ ಹ್ಯಾರಿಸನ್‌ಗೆ ಮತ್ತೆ ಕರೆ ಬಂತು. ಆ ಪೆಟ್ಟು ಆಗದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು. ಮಿಲ್ಸ್‌ನದು ಇನ್ನೂ ಕಠಿಣ ದಾರಿ. ಐದು ಅಡಿ ಒಂಬತ್ತು ಅಂಗುಲದ ಅವನನ್ನು ಮೊದಲು ಕ್ಲೀವ್‌ಲ್ಯಾಂಡ್, ಆಮೇಲೆ ಕೆನಡಾದ ಟೊರಾಂಟೊ ತಂಡ ಬಿಟ್ಟುಹಾಕಿದವು. ನ್ಯೂಜೆರ್ಸಿಯ ಹೈಸ್ಕೂಲೊಂದರಲ್ಲಿ ಅವನು ಛಾಯಾಗ್ರಹಣ ಕಲಿಸುತ್ತಿದ್ದ. 1983ರಲ್ಲಿ ಯುಎಸ್‌ಎಫ್‌ಎಲ್ ಎಂಬ ಪ್ರತಿಸ್ಪರ್ಧಿ ಲೀಗ್ ಹುಟ್ಟಿತು, ಮೂರು ಋತು ಆಡಿ ನಿಂತುಹೋಯಿತು. ಮಿಲ್ಸ್ ಆಡಿದ್ದು ಆ ಮೂರು ಋತುಗಳಲ್ಲಿ. ಅಲ್ಲಿ ಅವನ ತರಬೇತುದಾರನಾಗಿದ್ದ ಜಿಮ್ ಮೋರಾ 1986ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೋದಾಗ ಅವನನ್ನೂ ಕರೆದುಕೊಂಡ. ಮೂರೇ ಋತು ಬದುಕಿದ ಲೀಗೊಂದು ಆ ಹೊತ್ತಿಗೆ ಸರಿಯಾಗಿ ಹುಟ್ಟದಿದ್ದರೆ ಹಾಲ್ ಆಫ್ ಫೇಮ್‌ನ ಆ ಆಟಗಾರ ಹೈಸ್ಕೂಲಿನಲ್ಲೇ ಉಳಿಯುತ್ತಿದ್ದ ಎಂಬುದೇ ಹೆಚ್ಚು ಸಂಭಾವ್ಯ.

ನಡುವಿನ ವರ್ಷಗಳಲ್ಲಿ ಅವರು ಕಲಿತು ಸುಧಾರಿಸಿದರು, ಮೊದಲು ಕೈಬಿಟ್ಟಾಗ ತೀರ್ಮಾನ ಸರಿಯಾಗಿಯೇ ಇತ್ತು ಎಂದು ಯಾರಾದರೂ ಹೇಳಬಹುದು. ಇದರಲ್ಲಿ ಸತ್ಯಾಂಶವಿದೆ, ಆದರೆ ಈ ಉತ್ತರ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಲೈನ್‌ಬ್ಯಾಕರ್‌ನ ಗ್ರಹಿಕೆ ಬೆಳೆಯುವುದು ಉನ್ನತ ಮಟ್ಟದ ಎದುರಾಳಿಗಳ ಮುಂದೆ ನಿಂತಾಗ ಮಾತ್ರ. ಮನೆಯಲ್ಲಿ ಭಾರ ಎತ್ತಿ ಮೈ ಬೆಳೆಸಬಹುದು, ಓಟ ಮತ್ತು ಎಸೆತದ ನಡುವಿನ ಆ ಅರೆ ಸೆಕೆಂಡನ್ನು ಮನೆಯಲ್ಲಿ ಕಲಿಯಲಾಗದು. ಕುರ್ಚಿ ಸಿಕ್ಕವನು ಕಲಿಯುತ್ತಾನೆ, ಕಲಿತವನು ಕುರ್ಚಿಗೆ ಅರ್ಹನಾಗುತ್ತಾನೆ, ಆಮೇಲೆ ನೋಡಿದವರಿಗೆ ಮೊದಲಿನಿಂದಲೂ ಅವನೇ ಅರ್ಹ ಎಂದು ಕಾಣುತ್ತದೆ. ಹ್ಯಾರಿಸನ್‌ಗೆ ಆಸರೆಯಾದ ಆ ಯುರೋಪ್ ಲೀಗನ್ನು 2007ರಲ್ಲಿ ಮುಚ್ಚಿದರು. ಆಮೇಲಿನ ವರ್ಷಗಳಲ್ಲಿ ಅವನಂಥವರು ಎಷ್ಟು ಜನ ಕಲಿಯುವ ಜಾಗವಿಲ್ಲದೆ ಹಿಂದಿರುಗಿದರು ಎಂಬ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ. ಆಡದವನ ಅಂಕಿಅಂಶಗಳನ್ನು ಯಾರೂ ಇಡುವುದಿಲ್ಲ. ಗೆದ್ದವರನ್ನಷ್ಟೇ ಎಣಿಸಿ ಪ್ರತಿಭೆ ಮೇಲೆ ಬಂದೇ ಬರುತ್ತದೆ ಎನ್ನುವುದು ಇದೇ ಕಾರಣಕ್ಕೆ ಅಪೂರ್ಣ ಸಾಕ್ಷ್ಯ.

ಎಲ್ಲವೂ ಆಕಸ್ಮಿಕವಾದರೆ ದುಡಿಮೆಗೆ ಅರ್ಥವೇನು ಎಂದು ಕೇಳುವವರಿಗೂ ಉತ್ತರ ಬೇಕು. ದುಡಿಮೆ ಇಲ್ಲದೆ ಯಾರೂ ಆ 90ರೊಳಗೆ ಬಂದಿರುವುದಿಲ್ಲ. ಲಕ್ಷಾಂತರ ಹುಡುಗರಲ್ಲಿ ಒಬ್ಬನನ್ನು ಗೆರೆಯ ಬುಡದವರೆಗೆ ತಂದು ನಿಲ್ಲಿಸುವುದು ಪ್ರತಿಭೆ ಮತ್ತು ಪರಿಶ್ರಮವೇ. ಅಲ್ಲಿಂದ ಮುಂದೆ ಪರಿಶ್ರಮ ಮಾಡಬಲ್ಲದ್ದು ಅವಕಾಶಗಳ ಸಂಖ್ಯೆಯನ್ನು ಹೆಚ್ಚಿಸುವ ಕೆಲಸ. ನಡುವಿನ ಸ್ಥಾನದಲ್ಲೂ ಬದಿಯ ಸ್ಥಾನದಲ್ಲೂ ಆಡಬಲ್ಲವನು, ಒದೆತದ ಬೇರೆ ಬೇರೆ ತಂಡಗಳಲ್ಲಿ ಓಡಬಲ್ಲವನು ಒಂದಕ್ಕಿಂತ ಹೆಚ್ಚು ಕುರ್ಚಿಗಳಿಗೆ ಉಮೇದುವಾರನಾಗುತ್ತಾನೆ. ಮಂಗಳವಾರದ ಗಡುವೂ ಅಂತಿಮವಲ್ಲ. ಒಂದು ಊಹೆಯ ಲೆಕ್ಕ ನೋಡೋಣ. ಅವನ ಮುಂದಿರುವ ಐವರು ಲೈನ್‌ಬ್ಯಾಕರ್‌ಗಳಲ್ಲಿ ಪ್ರತಿಯೊಬ್ಬನೂ ಗಾಯದಿಂದ ಕೆಲವು ವಾರ ಹೊರಗುಳಿಯುವ ಸಂಭವ ಐದರಲ್ಲಿ ಒಂದು ಇದ್ದರೆ, ಐವರಲ್ಲಿ ಒಬ್ಬನಾದರೂ ಹೊರಗುಳಿಯುವ ಸಂಭವ ನೂರಕ್ಕೆ 67. ಆಗ ನಮ್ಮ ಆಟಗಾರ ಅಭ್ಯಾಸ ತಂಡದಲ್ಲಿದ್ದು ಮೊದಲ ಕರೆ ಪಡೆಯುವ ಸಾಧ್ಯತೆ ಅರ್ಧಕ್ಕರ್ಧ ಎಂದುಕೊಂಡರೆ, ಆಗಸ್ಟ್‌ನಲ್ಲಿ ನೂರಕ್ಕೆ 15 ಇದ್ದ ಅವನ ಅವಕಾಶ ಋತು ಮುಗಿಯುವ ಹೊತ್ತಿಗೆ 44ರ ಹತ್ತಿರ ಬರುತ್ತದೆ. ಅದೇ ಮನುಷ್ಯ, ಅದೇ ಕಾಲುಗಳು. ಅಭ್ಯಾಸ ತಂಡದ ಗಾತ್ರ 2019ರವರೆಗೆ ಹತ್ತು ಇದ್ದದ್ದು ಕೋವಿಡ್ ಬಂದ 2020ರಲ್ಲಿ ಹದಿನಾರಕ್ಕೆ ಏರಿ ಹಾಗೆಯೇ ಉಳಿಯಿತು. ಅಲ್ಲಿಂದ ಒಬ್ಬ ಆಟಗಾರನನ್ನು ಒಂದು ಋತುವಿನಲ್ಲಿ ಮೂರು ಪಂದ್ಯಗಳಿಗೆ ತಾತ್ಕಾಲಿಕವಾಗಿ ಮೇಲಕ್ಕೆ ಕರೆದುಕೊಳ್ಳಲು ಈಗ ನಿಯಮವಿದೆ. ಅಂಚಿನವರಿಗೆ ಈ ಎರಡು ಬದಲಾವಣೆಗಳು ಮಾಡಿದ ಉಪಕಾರ ಯಾವ ತರಬೇತಿಯೂ ಮಾಡಿರಲಾರದು.

ಕಿರಿದು ಮಾಡಿದ ರಾಜಮಾರ್ಗವನ್ನು ನಿಯಮಗಳೇ ಮತ್ತೆ ಅಗಲಿಸಲೂ ಬಲ್ಲವು: 2024ರಲ್ಲಿ ಕಿಕ್‌ಆಫ್ ನಿಯಮ ಮತ್ತೆ ಬದಲಾಯಿತು. ಎರಡೂ ಬದಿಯವರನ್ನು ಹತ್ತಿರಹತ್ತಿರ ನಿಲ್ಲಿಸಿ, ಚೆಂಡು ಎದುರಾಳಿಯ ಕೈಗೋ ನೆಲಕ್ಕೋ ತಾಗುವವರೆಗೆ ಕದಲದಂತೆ ಮಾಡಿದರು. ದೂರದಿಂದ ಓಡಿ ಬಂದು ಡಿಕ್ಕಿ ಹೊಡೆಯುವ ಅಪಾಯ ಇದರಿಂದ ತಗ್ಗಿತು, ಮರಳಿ ಓಟಗಳು ಮೂರರಲ್ಲೊಂದರಷ್ಟಾದವು. 2025ರಲ್ಲಿ, ಚೆಂಡನ್ನು ಗೋಲ್ ಗೆರೆಯಾಚೆ ಹೊಡೆದರೆ ಎದುರಾಳಿಗೆ ಸಿಗುವ ಜಾಗವನ್ನು 30 ಗಜದಿಂದ 35ಕ್ಕೆ ಏರಿಸಿದಾಗ, ಹಾಗೆ ಹೊಡೆಯುವುದೇ ನಷ್ಟವಾಗಿ, ಓಟಗಳು ಇನ್ನೂ ಬಹಳ ಹೆಚ್ಚಿದವು. ಹತ್ತಿರದಿಂದ ಹಿಡಿದು ಕೆಡವುವ ಈ ಹೊಸ ಕೆಲಸಕ್ಕೆ ಬರಿಯ ವೇಗಕ್ಕಿಂತ ತೂಕ, ತೋಳಿನ ಬಲ, ಎದುರಿನವನನ್ನು ತಳ್ಳಿ ಬಿಡಿಸಿಕೊಳ್ಳುವ ಚಾಕಚಕ್ಯತೆ ಬೇಕು. ಇವು ನಿಕಲ್ ವ್ಯೂಹ ಹೊರಗೆ ದೂಡಿದ ಅದೇ ಗಟ್ಟಿ ಲೈನ್‌ಬ್ಯಾಕರ್‌ನಲ್ಲಿ ಇರುವ ಗುಣಗಳು. ಶಿಬಿರದ ಪಟ್ಟಿಯಲ್ಲಿ ಆರನೇ ಲೈನ್‌ಬ್ಯಾಕರ್ ಮತ್ತು ಹಿಂದಿನ ಸಾಲಿನ ಹನ್ನೊಂದನೆಯವನ ನಡುವೆ ಒಬ್ಬನನ್ನು ಆರಿಸಬೇಕಾದ ತರಬೇತುದಾರ 2023ರಲ್ಲಿ ಹಾಕಿದ ಲೆಕ್ಕವನ್ನೇ ಈಗಲೂ ಹಾಕಲಾರ.